ದೇವಿಗೆಲ್ಲಿಯ ಅತ್ತೆ

ಪುಣೆಯ ಭವಾನಿ ಪೇಠೆಯ ಹಿಂದೆ ಗೌಳಿಗರ ಓಣಿ ಅಂತ ಒಂದಿತ್ತು. ಎಮ್ಮೆ ಕಟ್ಟಿ ಉಳಿದ ಜಾಗದಲ್ಲಿ ಮನುಷ್ಯರು ಮನೆ ಮಾಡಿಕೊಂಡಿದ್ದರು ಅಂದರೆ ಓಣಿ ಹೇಗಿತ್ತು ಅನ್ನುವುದು ತಿಳಿದೀತು. ಅಲ್ಲಿದ್ದವರೆಲ್ಲ ಲಿಂಗಾಯತ ಗೌಳಿಗರು. ಮುತ್ತಜ್ಜಂದಿರ ಕಾಲಕ್ಕೆ ಬೆಳಗಾವಿ ಕಡೆಯಿಂದ ಎಮ್ಮೆ ಹೊಡೆದುಕೊಂಡು ಬಂದವರು. ಗಿರಾಕಿಗಳ ಜೊತೆ ಮರಾಠಿ, ಮನೆಯೊಳಗೆ ಕನ್ನಡ, ಎಮ್ಮೆಗೆ ಬೈಯುವಾಗ ಯಾವುದು ಬಾಯಿಗೆ ಬಂತೋ ಅದು.

ಆ ಓಣಿಯಲ್ಲಿ ಸಾವಂತ್ರವ್ವನ ಠೀವಿ ನೋಡಬೇಕಿತ್ತು. ಮಗ ಸಿದ್ದಲಿಂಗಪ್ಪ ಇನ್ನೂ ತೊಟ್ಟಿಲಲ್ಲಿದ್ದಾಗಲೇ ಗಂಡ ತೀರಿಹೋಗಿದ್ದ. ಭಾವ ಮೈದುನರ ಬಾಗಿಲಿಗೆ ಹೋಗಿ ನಿಲ್ಲದೆ, ಒಂದೇ ಎಮ್ಮೆಯಿಂದ ಶುರುಮಾಡಿ ಕೊಟ್ಟಿಗೆ ತುಂಬಿಸಿದವಳು ಅವಳು. ಕ್ಯಾಂಪಿನ ಬಂಗಲೆಗಳಿಗೂ, ಧಾರವಾಡದಿಂದ ಬಂದು ಪೇಠೆಯಲ್ಲಿ ದವಾಖಾನೆ ಇಟ್ಟಿದ್ದ ಡಾಕ್ಟರ್ ಮಾರ್ತಾಂಡರಾಯರ ಮನೆಗೂ ಅವಳದೇ ಹಾಲು. "ನನ್ನ ಹಾಲಿನಾಗ ನೀರು ಹುಡುಕಾಂವ ಇನ್ನೂ ಹುಟ್ಟಿಲ್ಲ" ಅನ್ನುತ್ತಿದ್ದಳು, ಅದೂ ಯಾರೂ ಕೇಳದಿದ್ದಾಗ. ತನ್ನ ಹೊಗಳಿಕೆಗೆ ಬೇರೆಯವರ ಬಾಯಿ ಕಾಯುವ ಪೈಕಿ ಅಲ್ಲ ಅವಳು.

ಅವಳ ಇನ್ನೊಂದು ಹೆಮ್ಮೆ ಸೊಸೆ ಕಾಶವ್ವ. ಬಾರಾಮತಿಯ ಗೌಳಿ ಮನೆತನದ ಹುಡುಗಿ. ಎಂಥ ಒದೆಯುವ ಎಮ್ಮೆಯೂ ಅವಳ ಕೈ ತಾಕಿದರೆ ಕಾಲು ಊರಿ ನೆಟ್ಟಗೆ ನಿಲ್ಲುತ್ತಿತ್ತು. ಆದರೆ ಎದುರಿಗೆ ಸಾವಂತ್ರವ್ವ ಒಂದು ಒಳ್ಳೆಯ ಮಾತು ಆಡಿದವಳಲ್ಲ. ಹೊಗಳಿದರೆ ಸೊಸೆ ತಲೆಯ ಮೇಲೆ ಕೂಡುತ್ತಾಳೆ ಅಂತ ಅವಳ ಲೆಕ್ಕ. ಹಾಗಾಗಿ ಮನೆಯೊಳಗೆ ದಿನವಿಡೀ ಬೈಗಳು, ಓಣಿಯಲ್ಲಿ ದಿನವಿಡೀ ಸೊಸೆಯ ಗುಣಗಾನ. ಕಾಶವ್ವನ ಪಾಲಿಗೆ, ಪಾಪ, ಬೈಗಳಷ್ಟೇ ಬಂದಿತ್ತು.

ಎರಡನೇ ಮಹಾಯುದ್ಧದ ಲಡಾಯಿ ಇನ್ನೂ ನಡೆದಿದ್ದ ವರ್ಷ ಅದು. ಮಳೆಗಾಲ ಮುಗಿಯುತ್ತ ಬಂದಿತ್ತು. ಆ ದಿನಗಳಲ್ಲಿ ಎಮ್ಮೆಗಳನ್ನು ಊರಾಚೆ ಬಿಬವೇವಾಡಿಯ ಗುಡ್ಡದ ಕಡೆಗೆ ಮೇಯಲು ಹೊಡೆಯುತ್ತಿದ್ದರು. ಹಸಿರು ಹುಲ್ಲು ತಿಂದ ಎಮ್ಮೆ ಬರುವಾಗ ಮೈತುಂಬ ಉಣ್ಣಿ ಹೊತ್ತು ತರುತ್ತಿತ್ತು. ಕಿವಿಯ ಸಂದಿ, ಕೆಚ್ಚಲ ಬುಡ, ಬಾಲದ ಕೆಳಗೆ, ಎಲ್ಲಿ ನೋಡಿದರೂ ರಕ್ತ ಕುಡಿದು ಔಡಲ ಬೀಜದಷ್ಟು ಊದಿಕೊಂಡ ಉಣ್ಣಿಗಳು. ಮಧ್ಯಾಹ್ನ ಎಮ್ಮೆ ಮಲಗಿದಾಗ ಹೆಂಗಸರು ಪಕ್ಕದಲ್ಲಿ ಕೂತು ಒಂದೊಂದನ್ನೇ ಕಿತ್ತು, ಎರಡು ಹೆಬ್ಬೆರಳ ಉಗುರಿನ ನಡುವೆ ಒಡೆಯುತ್ತಿದ್ದರು. ಗೌಳಿಗರ ಹೆಣ್ಣಿಗೆ ಅದು ಮರ್ಯಾದೆಯ ಕೆಲಸ. ಇಕ್ಕಳದಿಂದ ಕಿತ್ತು ಕೆಂಡಕ್ಕೆ ಹಾಕುವವರನ್ನು ಕಂಡರೆ ಸಾವಂತ್ರವ್ವ ಮೂಗು ಮುರಿಯುತ್ತಿದ್ದಳು.

"ಕೈ ಹೊಲಸಾಗತೈತಿ ಅಂತ ಇಕ್ಕಳ ಹಿಡಿಯಾಕಿ ಎಮ್ಮಿ ಯಾಕ ಕಟ್ಟಬೇಕು? ಉಗುರಿನಾಗ ಒಡಿ. ಚಟ್ ಅಂತ ಸಪ್ಪಳ ಬರಬೇಕು" ಅಂತ ಸೊಸೆಗೆ ಕಲಿಸಿದವಳು ಅವಳೇ. ಕಾಶವ್ವನ ಹೆಬ್ಬೆರಳುಗಳು ಆ ಮಳೆಗಾಲವೆಲ್ಲ ಕೆಂಪಗೇ ಇದ್ದವು.

ನವರಾತ್ರಿಯ ಘಟ ಹಾಕುವ ಹೊತ್ತಿಗೆ ಕಾಶವ್ವ ಜ್ವರದಿಂದ ಹಾಸಿಗೆ ಹಿಡಿದಳು. ತಲೆ ಒಡೆಯುವಂಥ ನೋವು, ಮೈಕೈ ನುಲಿತ, ಬೆಳಕು ಕಂಡರೆ ಕಣ್ಣು ಮುಚ್ಚಿಕೊಳ್ಳುವಳು. ಮಳೆಯಲ್ಲಿ ನೆನೆದದ್ದಕ್ಕೆ ಬಂದದ್ದು ಅಂತ ಎಲ್ಲರೂ ಸುಮ್ಮನಿದ್ದರು. ಆಮೇಲೆ ಮುಂಗೈಗೂ ಕಾಲಿನ ಗಂಟಿಗೂ ಕೆಂಪು ಬೊಕ್ಕೆ ಎದ್ದವು. ಅಲ್ಲಿಂದ ಅಂಗೈ ಅಂಗಾಲಿಗೂ ಇಳಿದವು. ನೋಡಲು ಬಂದ ಪಾರವ್ವ, ಓಣಿಯ ಹಿರಿಯ ರಾಮಲಿಂಗಪ್ಪನ ಹೆಂಡತಿ, ಆ ಅಂಗೈ ಕಂಡದ್ದೇ ಹಿಂದಕ್ಕೆ ಸರಿದು ಗಲ್ಲ ಬಡಿದುಕೊಂಡಳು.

"ಯವ್ವಾ ಸಾವಂತ್ರವ್ವ, ತಾಯಿ ಬಂದಾಳಲ್ಲ ನಿನ್ನ ಮನಿಗೆ! ಅದೂ ನವರಾತ್ರ್ಯಾಗ!"

ಮೈಮೇಲೆ ಬೊಕ್ಕೆ ಎದ್ದ ಜ್ವರ ಅಂದರೆ ದೇವಿ ಬಂದಳು ಅಂತಲೇ ಅರ್ಥ. ಸಿಡುಬನ್ನು ಹೆಸರು ಹಿಡಿದು ಕರೆಯುವ ಧೈರ್ಯ ಆ ಓಣಿಯಲ್ಲಿ ಯಾರಿಗೂ ಇರಲಿಲ್ಲ. ದೇವಿ ಬಂದ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ, ಔಷಧ ತರುವಂತಿಲ್ಲ, ಡಾಕ್ಟರ ಹೆಸರು ಎತ್ತುವಂತಿಲ್ಲ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಕಿಟಕಿ ಮುಚ್ಚಿ, ಲೋಬಾನದ ಹೊಗೆ ಹಾಕಿ, ಮಲಗಿದವಳಿಗೆ ದೇವಿಯ ಮರ್ಯಾದೆಯನ್ನೇ ಕೊಡಬೇಕು. ಸಾವಂತ್ರವ್ವ ಎಲ್ಲವನ್ನೂ ಮಾಡಿದಳು. ಅಂಜಿಕೆ ಇತ್ತು, ಇಲ್ಲವೆನ್ನಲಾಗದು. ಅದರ ಬೆನ್ನಿಗೇ ಒಂದು ಹಿಗ್ಗೂ ಇತ್ತು. ಓಣಿಯಲ್ಲಿ ಇಷ್ಟು ಮನೆಗಳಿರುವಾಗ ತಾಯಿ ತನ್ನ ಹೊಸ್ತಿಲನ್ನೇ ತುಳಿದಳಲ್ಲ!

ಜ್ವರ ಏರಿ ಕಾಶವ್ವ ಬಡಬಡಿಸತೊಡಗಿದಾಗ ಹಿಗ್ಗು ಇನ್ನೂ ಹೆಚ್ಚಿತು. ಒಂದು ಸಂಜೆ ಅವಳು ಹಾಸಿಗೆಯಲ್ಲಿ ಎದ್ದು ಕೂತು, ಕೆಂಗಣ್ಣು ಬಿಟ್ಟು, "ಬಾಗಲಾ ತಗೀರಿ! ಎಲ್ಲಾರೂ ಹೊರಗ ನಿಂತಾರ, ಒಳಗ ಬಿಡ್ರಿ!" ಅಂತ ಕೂಗಿದಳು. ಮೇಯಲು ಹೋದ ಎಮ್ಮೆಗಳು ಕೊಟ್ಟಿಗೆಗೆ ಬರುವ ಹೊತ್ತು ಅದು. ಆದರೆ ಪಾರವ್ವ ಅಲ್ಲೇ ಇದ್ದಳಲ್ಲ, ಸುಮ್ಮನಿರುತ್ತಾಳೆಯೇ? "ತಾಯಿ ಬಾಯಿ ಬಿಟ್ಳು! ಭಕ್ತರನ್ನ ಒಳಗ ಬಿಡ್ರಿ ಅಂತಾಳ!" ಅಂತ ಓಣಿಯ ತುದಿಯವರೆಗೂ ಸುದ್ದಿ ಮುಟ್ಟಿಸಿದಳು.

ಆಮೇಲೆ ಕೇಳಬೇಕೇ! ಮನೆ ಜಾತ್ರೆಯಾಯಿತು. ಮಗನನ್ನು ಲಡಾಯಿಗೆ ಕಳಿಸಿದ ತಾಯಿಯೊಬ್ಬಳು ಬಂದು, ನನ್ನ ಮಗ ಯಾವಾಗ ಬರುತ್ತಾನೆ ತಾಯಿ ಅಂತ ಕೇಳಿದಳು. ಕಾಶವ್ವ ಸೂರು ನೋಡುತ್ತ, "ಮುಸುರಿ ಇಡ್ರಿ, ಹಸದಾರ" ಅಂದಳು. ಮುಸುರಿ ಅಂದರೆ ಎಮ್ಮೆಗೆ ಇಡುವ ಕಲಗಚ್ಚು. ದೇವಿ ಅನ್ನದಾನ ಕೇಳುತ್ತಾಳೆ ಅಂತ ಪಾರವ್ವ ಅರ್ಥ ಹೇಳಿದಳು. ಇನ್ನೊಬ್ಬಳು ಮಗಳ ಮದುವೆಯ ಮಾತು ಕೇಳಿದಳು. "ಅದಿನ್ನೂ ಕಡಸು, ಬಿಡ್ರಿ" ಅಂದಳು ಕಾಶವ್ವ. ಕಡಸು ಅಂದರೆ ಇನ್ನೂ ಕರು ಹಾಕದ ಎಮ್ಮೆ. ಈ ವರ್ಷ ಮದುವೆ ಬೇಡ ಅಂತ ದೇವಿಯ ಅಪ್ಪಣೆಯಾಯಿತೆಂದು ಆ ತಾಯಿ ಗಂಡಿನ ಕಡೆಯವರಿಗೆ ಬೇಡ ಅಂದುಬಿಟ್ಟಳು.

ಇದೆಲ್ಲ ಕೊಟ್ಟಿಗೆಯ ಮಾತು ಅನ್ನುವುದು ಸಾವಂತ್ರವ್ವನಿಗೆ ತಿಳಿಯದೆ ಇರುತ್ತದೆಯೇ? ತಿಳಿದಿತ್ತು. ಆದರೂ ಅರಿಸಿನದ ತಟ್ಟೆ ಹಿಡಿದು ಪಕ್ಕದಲ್ಲಿ ಕೂತೇ ಇದ್ದಳು. ದೂರದ ಪೇಠೆಗಳಿಂದ ಟಾಂಗಾ ಮಾಡಿಕೊಂಡು ಜನ ಬರುತ್ತಿದ್ದರು. ಮೊದಲು ದೇವಿಗೆ, ಆಮೇಲೆ ಅವಳಿಗೆ ಕೈ ಮುಗಿಯುತ್ತಿದ್ದರು. ಜೀವಮಾನವೆಲ್ಲ ಸೆಗಣಿ ಬಾಚಿದವಳಿಗೆ ಆ ಕೈ ಮುಗಿಸಿಕೊಳ್ಳುವ ಸುಖ ಸಣ್ಣದಾಗಿರಲಿಲ್ಲ.

ಸಿದ್ದಲಿಂಗಪ್ಪ ಒಮ್ಮೆ ಧೈರ್ಯ ಮಾಡಿ ಅವ್ವನನ್ನು ಹಿತ್ತಲಿಗೆ ಕರೆದ. "ಯವ್ವಾ, ಆಕಿ ಕೈ ನಡಗಾಕತ್ತಾವ. ನೀರು ಸೈತ ಇಳಿಯವಲ್ದು. ಮಾರ್ತಾಂಡರಾಯರಿಗೆ ಒಂದು ಮಾತು ಹೇಳಲೇನು?"

"ದೇವಿಗೆ ಡಾಕ್ಟರ್ ಕರಿತೀಯೇನೋ ಮಬ್ಬ? ಮನಿ ಉದ್ಧಾರ ಆಗಾಕತ್ತೈತಿ, ನೀ ಅದಕ್ಕ ಕಲ್ಲು ಹಾಕಬ್ಯಾಡ" ಅಂತ ಗದರಿಸಿ ಕಳಿಸಿದಳು. ಅವನು ಹಾಲಿನ ಕ್ಯಾನು ಸೈಕಲ್ಲಿಗೆ ಕಟ್ಟಿಕೊಂಡು ತಲೆ ತಗ್ಗಿಸಿ ಹೋದ.

ಅಷ್ಟಮಿಯ ಮಧ್ಯಾಹ್ನ ಸ್ವತಃ ರಾಮಲಿಂಗಪ್ಪನೇ ರುಮಾಲು ಸುತ್ತಿಕೊಂಡು ಬಂದ. ಅವನ ಪ್ರಶ್ನೆ ಓಣಿಯ ಪ್ರಶ್ನೆ. ದೀಪಾವಳಿಯ ಪಾಡ್ಯದ ದಿನ ಪುಣೆಯ ಗೌಳಿಗರು ಎಮ್ಮೆಗಳ ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಕವಡೆಸರ ಕಟ್ಟಿ, ಹಲಗಿ ಬಾರಿಸುತ್ತ ಮೆರೆಸುತ್ತಾರೆ. ಅದಕ್ಕೆ ಸಗರ ಅನ್ನುತ್ತಾರೆ. ಈ ಸಲ ಸಗರದ ಮುಂದೆ ಯಾರ ಎಮ್ಮೆ ನಡೆಯಬೇಕು, ತಾಯಿಯೇ ಹೇಳಲಿ ಅಂತ ಅವನು ಕೈ ಮುಗಿದು ನಿಂತ. ಕೋಣೆಯೊಳಗೆ ಕಾಲಿಡಲು ಜಾಗವಿರಲಿಲ್ಲ. ಹೊಗೆಗೆ ಎಲ್ಲರ ಕಣ್ಣಲ್ಲೂ ನೀರು. ಸಾವಂತ್ರವ್ವ ಅರಿಸಿನದ ತಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಕಾಶವ್ವನ ಬಾಯಿಂದ ತಮ್ಮ ಎಮ್ಮೆ ಚಂದ್ರಿಯ ಹೆಸರು ಬಂದರೆ ಅದಕ್ಕಿಂತ ಇನ್ನೇನು ಬೇಕು?

ಕಾಶವ್ವ ಮೆಲ್ಲಗೆ ತಲೆ ಹೊರಳಿಸಿದಳು. ಕತ್ತು ಕೊರಡಿನ ಹಾಗೆ ಸೆಟೆದಿತ್ತು. ತುಟಿ ಒಣಗಿ ಬಿರಿದಿದ್ದವು. ಅವಳು ಯಾರನ್ನೋ ಹುಡುಕಿದಳು. ಹುಡುಕಿದ ಮುಖ ಸಿಗಲಿಲ್ಲ.

"ಅತ್ತೀ... ತಲಿ ಒಡೀತೈತ್ರೀ, ಅತ್ತೀ. ಬೈಬ್ಯಾಡ್ರಿ. ಇವತ್ತ ಹಿಂಡಾಕ ಆಗಂಗಿಲ್ರೀ."

ಪಾರವ್ವ ಗಂಟಲು ಸರಿಮಾಡಿಕೊಂಡಳು. "ತಾಯಿ ಆದಿಶಕ್ತಿನ ಅತ್ತಿ ಅಂತ ಕರಿಯಾಕತ್ತಾಳ. ಈ ಸಲ ಎಮ್ಮಿ ಹಿಂಡಬಾರದು, ಹಾಲೆಲ್ಲ ಕರುಗಳಿಗೆ ಬಿಡ್ರಿ ಅಂತ..."

"ಬಾಯಿ ಮುಚ್ಚ, ಪಾರವ್ವ!"

ಕೂಗಿದವಳು ಸಾವಂತ್ರವ್ವ. ಎದ್ದು ನಿಂತಿದ್ದಳು. ಅರಿಸಿನದ ತಟ್ಟೆ ಕೈಯಿಂದ ಜಾರಿ ಠಣಾರ್ ಅಂತ ಬಿತ್ತು.

"ದೇವಿಗೆಲ್ಲಿ ಅತ್ತಿ? ಹೇಳ್ರಿ ನನಗ! ಯಾವ ದೇವಿಗೆ ಅತ್ತೀ ಬೈಗಳಿನ ಅಂಜಿಕಿ ಐತಿ? ಮಾರಿ ಮ್ಯಾಲ ಸಾವು ಬಂದು ಕುಂತೈತಿ, ನನ್ನ ಹುಡುಗಿ ಹಿಂಡಾಕ ಆಗಂಗಿಲ್ಲ ಅಂತ ನನ್ನ ಕ್ಷಮಾ ಕೇಳಾಕತ್ತಾಳ. ಇದು ದೇವಿ ಅಲ್ಲ. ನನ್ನ ಸೊಸಿ. ಏಳ್ರಿ ಎಲ್ಲಾರೂ! ಏಳ್ರಿ ಅಂದ್ರ!"

ರಾಮಲಿಂಗಪ್ಪ, "ಸಾವಂತ್ರವ್ವ, ತಾಯಿ ಮುಂದ ಹಿಂಗ..." ಅನ್ನುವಷ್ಟರಲ್ಲಿ ಅವಳು ಬೇವಿನ ತೋರಣ ಕಿತ್ತು ಅಂಗಳಕ್ಕೆ ಎಸೆದಿದ್ದಳು. ಲೋಬಾನದ ಒಲೆಗೆ ಒಂದು ತಂಬಿಗೆ ನೀರು ಸುರಿದಳು. ಕಿಟಕಿ ದಬ್ಬಿ ತೆಗೆದಳು. ಅವಳ ಕೋಪ ಬಲ್ಲವರು ಮೊದಲು ಎದ್ದರು, ಅರಿಯದವರು ಅವರನ್ನು ನೋಡಿ ಎದ್ದರು. ಮಗನಿಗಾಗಿ ಕಾಯದೆ, ಸೆರಗನ್ನೂ ಸರಿಮಾಡಿಕೊಳ್ಳದೆ, ಬರಿಗಾಲಲ್ಲಿ ಅವಳು ಪೇಠೆಯ ದವಾಖಾನೆಗೆ ಓಡಿದಳು. ನಿನ್ನೆ ಕೈ ಮುಗಿದಿದ್ದವರೆಲ್ಲ ಬಾಗಿಲಲ್ಲಿ ನಿಂತು ನೋಡಿದರು. ನೋಡಲಿ ಬಿಡಿ.

ಮಾರ್ತಾಂಡರಾಯರು ಉಣ್ಣಲು ಏಳುವ ಹೊತ್ತು. ಇವಳ ಮುಖ ನೋಡಿ ಕೋಟು ಹಾಕಿಕೊಂಡು ಹೊರಟೇಬಿಟ್ಟರು. ಕಾಶವ್ವನ ಕಣ್ಣ ರೆಪ್ಪೆ ಎತ್ತಿ ನೋಡಿದರು, ಕತ್ತು ಬಾಗಿಸಿ ನೋಡಿದರು, ಅಂಗೈಯ ಬೊಕ್ಕೆ ಒತ್ತಿ ನೋಡಿದರು. ಕೂದಲು ಸರಿಸಿ ಹುಡುಕುತ್ತ ಕಿವಿಯ ಹಿಂದೆ ಒಂದು ಸಣ್ಣ ಕರಿ ಹಕ್ಕಳೆ ಕಂಡು ತಲೆಯಾಡಿಸಿದರು.

"ಇದು ದೇವಿ ಅಲ್ರಿ, ಸಾವಂತ್ರವ್ವ. ದೇವಿ ಆಗಿದ್ರ ಈ ಬೊಕ್ಕಿ ಇಷ್ಟೊತ್ತಿಗೆ ನೀರು ತುಂಬಿ ಗುಳ್ಳಿ ಆಗ್ತಿದ್ವು. ಇವು ಸಪಾಟ ಅವ. ಹೆಬ್ಬೆರಳಿಂದ ಒತ್ತಿದ್ರ ಮಾಯ ಆಗ್ತಾವ, ಬಿಟ್ರ ಮತ್ತ ಬರ್ತಾವ. ಗುಡ್ಡದಾಗ ಬಿಡಾರ ಹಾಕಿದ್ದ ಸಿಪಾಯಿಗಳಿಗೆ ಇದೇ ಬಂದದ್ದು ನಾನು ನೋಡೇನಿ. ಉಣ್ಣಿಯಿಂದ ಬರೋ ಜ್ವರ. ಈಕಿಗೆ ಅದು ಮಿದುಳಿಗೆ ಏರ್ಯದ. ಅದಕ್ಕs ಈ ಬಡಬಡಿಕಿ, ಈ ನಡುಕ."

"ಉಣ್ಣಿಯಿಂದ?" ಸಾವಂತ್ರವ್ವನ ದನಿ ಇಳಿಯಿತು. "ನಮ್ಮ ಎಮ್ಮಿ ಉಣ್ಣಿಯಿಂದೇನ್ರಿ?"

"ಕಡದ್ರೂ ಬರ್ತದ. ಉಗುರಿಂದ ಒಡದ್ರೂ ಬರ್ತದ, ಬೆರಳಿಗೆ ಒಂದು ಸಣ್ಣ ಗಾಯ ಇದ್ರ ಸಾಕು. ಇಕ್ಕಳದಿಂದ ಕಿತ್ತು ಕೆಂಡಕ್ಕ ಹಾಕ್ರಿ ಇನ್ನಮ್ಯಾಲೆ."

ಸಾವಂತ್ರವ್ವ ಸೊಸೆಯ ಹೆಬ್ಬೆರಳುಗಳನ್ನು ತನ್ನ ಸೆರಗಿನಲ್ಲಿ ಸುತ್ತಿ ಹಿಡಿದಳು. "ಮದ್ದು ಕೊಡ್ರಿ ಮತ್ತ" ಅಂದಳು.

"ಈ ಜ್ವರಕ್ಕ ಮದ್ದು ಇಲ್ರಿ. ಸುಳ್ಳು ಹೇಳೂದಿಲ್ಲ ನಾನು. ಜ್ವರ ತಾನs ಇಳೀಬೇಕು. ಇಳಿಯೂ ತನಕ ಜೀವ ಹಿಡದು ಇಡೂದು ನಿಮ್ಮ ಕೈಯಾಗದ. ಗಂಟಿ ಗಂಟಿಗೆ ನೀರು, ಗಂಜಿ, ಮಜ್ಜಿಗಿ, ಸ್ವಲ್ಪ ಸ್ವಲ್ಪ. ತಣ್ಣೀರಿನ ಬಟ್ಟಿಯಿಂದ ಮೈ ಒರಸ್ರಿ. ಒಂದs ಮಗ್ಗಲಿಗೆ ಬಿಡಬ್ಯಾಡ್ರಿ. ಗದ್ದಲಾ ಮಾತ್ರ ಬ್ಯಾಡ."

"ಅಷ್ಟs ಹೌದಲ್ರಿ? ತಾಯಿ ಸತ್ತ ಕರುಗಳನ್ನ ಅರಿವಿ ಅದ್ದಿ ಅದ್ದಿ ಹಾಲು ಕುಡಿಸಿ ಬದುಕಿಸಿದಾಕಿ ನಾನು. ಸೊಸಿ ಬಿಡತೀನೇನು?" ಅಂದಳು ಸಾವಂತ್ರವ್ವ. ಮಾತೇನೋ ಗತ್ತಿನದೇ. ಕಾಲು ಮಾತ್ರ ಆಗಲೇ ಗಂಜಿ ಕಾಸಲು ಓಡಿತ್ತು.

ಅಂದಿನಿಂದ ಆ ಮನೆಗೆ ಬೇರೆ ಕೆಲಸವೇ ಇರಲಿಲ್ಲ. ಎಮ್ಮೆ ಹಿಂಡುವುದು, ಹಾಲು ಹಾಕುವುದು ಎಲ್ಲ ಸಿದ್ದಲಿಂಗಪ್ಪನ ಹೆಗಲಿಗೆ. ಸಾವಂತ್ರವ್ವ ಮೆತ್ತನೆಯ ಅರಿವೆಯನ್ನು ಗಂಜಿಯಲ್ಲಿ ಅದ್ದಿ ಸೊಸೆಯ ತುಟಿಗೆ ಹಿಡಿಯುವಳು. ಒಂದು ಹನಿ ಇಳಿದರೆ, "ಭೇಷ್ ನನ್ನ ಹುಲಿ" ಅನ್ನುವಳು. ಬೈಗಳು ಎಲ್ಲಿ ಹೋದವೋ! ಇಷ್ಟು ವರ್ಷ ಓಣಿಯಲ್ಲಿ ಹಂಚಿದ್ದ ಹೊಗಳಿಕೆಯನ್ನೆಲ್ಲ ಈಗ ಆ ಹಾಸಿಗೆಯ ಪಕ್ಕದಲ್ಲಿ ಕೂತು ಹೇಳಿದಳು. "ನಿನ್ನಂಥಾ ಕೈ ಪುಣೇದಾಗ ಇಲ್ಲs ಇಲ್ಲ, ಕಾಶವ್ವ. ನಾ ನಿನಗ ಹೇಳಿದ್ದಿಲ್ಲ. ಈಗ ಹೇಳತೀನಿ, ಕೇಳು." ಕಾಶವ್ವ ಕಣ್ಣು ಮುಚ್ಚಿ ಮಲಗಿರುತ್ತಿದ್ದಳು.

ದಸರೆ ಯಾವಾಗ ಬಂತು, ಯಾವಾಗ ಹೋಯಿತು ಅನ್ನುವುದೂ ಆ ಮನೆಗೆ ತಿಳಿಯಲಿಲ್ಲ. ಒಂದು ಬೆಳಗ್ಗೆ ಸೊಸೆಯ ಹಣೆ ಮುಟ್ಟಿ ನೋಡಿದರೆ ತಣ್ಣಗಿತ್ತು, ಮೊದಲು ಹೌಹಾರಿದಳು. ಉಸಿರಿತ್ತು. ಬೊಕ್ಕೆ ಬಾಡಿದ್ದವು. ಕಾಶವ್ವ ಕಣ್ಣು ಬಿಟ್ಟು ಅತ್ತೆಯನ್ನು ನೋಡಿದಳು, ಗುರುತು ಹಿಡಿದು ನೋಡಿದಳು.

"ಕಾಶವ್ವ! ಎಚ್ಚರಾತೇನವ್ವ? ಹೆಂಗ ಐತಿ ಮೈ?"

ಮಾತಿಲ್ಲ. ಇನ್ನೊಮ್ಮೆ ಕೇಳಿದಳು, ಮತ್ತೂ ಜೋರಾಗಿ ಕೇಳಿದಳು. ಕಾಶವ್ವ ಸುಮ್ಮನೆ ಅತ್ತೆಯ ಬಾಯಿ ನೋಡಿದಳು. ಬುದ್ಧಿ ಹೋಯಿತೋ ಕಿವಿ ಹೋಯಿತೋ ಅಂತ ಸಾವಂತ್ರವ್ವ ಅಂಜಿದಳು. ಎದ್ದು ಹಾಸಿಗೆಯ ಹಿಂದೆ ಹೋಗಿ ಹಿತ್ತಾಳೆಯ ಚರಿಗೆಯನ್ನು ಸೌಟಿನಿಂದ ಬಡಿದಳು. ಬೀದಿಯ ನಾಯಿ ಬೊಗಳಿತು, ಸೊಸೆ ಹೊರಳಿ ನೋಡಲಿಲ್ಲ. ಚರಿಗೆ ಹಿಡಿದುಕೊಂಡೇ ಅವಳು ಗೋಡೆಗೆ ಒರಗಿ ಅತ್ತಳು. ಹಾಸಿಗೆಯ ಪಕ್ಕದಲ್ಲಿ ಕೂತು ಹೇಳಿದ ಒಂದು ಮಾತೂ ಆ ಹುಡುಗಿಗೆ ಮುಟ್ಟಿರಲಿಲ್ಲ ಅಂತ ಅವಳಿಗೆ ಆಗ ತಿಳಿಯಿತು.

ಅತ್ತೆ ಮುಂದೆ ಬಂದು ಕೂತದ್ದನ್ನು, ಅವಳ ಕೆನ್ನೆ ಒದ್ದೆಯಾದದ್ದನ್ನು ಕಾಶವ್ವ ಕಂಡಳು. ಬಾಯಿ ತೆಗೆದು, ತನ್ನ ದನಿ ತನಗೇ ಕೇಳದೆ, ಓಣಿಗೆಲ್ಲ ಕೇಳುವ ಹಾಗೆ ಕಿರುಚಿದಳು: "ಎಮ್ಮಿ ಹಿಂಡಿದ್ರೇನ್ರೀ ಅತ್ತೀ?"

ಸಾವಂತ್ರವ್ವ ಅಳುತ್ತಲೇ ನಕ್ಕಳು. ಬುದ್ಧಿ ಎಲ್ಲೂ ಹೋಗಿರಲಿಲ್ಲ.

ಮಾರ್ತಾಂಡರಾಯರು ಬಂದು ನೋಡಿ, ಕಿವಿಯ ನರಕ್ಕೆ ಪೆಟ್ಟು ಬಿದ್ದಿದೆ ಅಂದರು. ತಿಂಗಳುಗಳಲ್ಲಿ ತಿರುಗಿ ಬಂದರೂ ಬಂದೀತು, ಬರದೆಯೂ ಇದ್ದೀತು. ನಡೆಯುವಾಗ ಕಾಲು ತೂರಾಡುತ್ತದೆ, ಅದು ಮಾತ್ರ ಸುಧಾರಿಸುತ್ತದೆ. ಬಾಡಿದ ಬೊಕ್ಕೆ ಒತ್ತಿ ತೋರಿಸಿ, ಇದು ದೇವಿಯಲ್ಲ, ಉಣ್ಣಿಯ ಜ್ವರ ಅಂತ ಕಾಶವ್ವನಿಗೆ ಸನ್ನೆಯಲ್ಲೇ ತಿಳಿಸಿದರು. "ಇಂಥಾ ಜ್ವರದಾಗ ಇಷ್ಟು ಉಳಿದದ್ದs ದೊಡ್ಡದು, ಸಾವಂತ್ರವ್ವ. ಭಾಳ ಛಲೋ ನೋಡಿಕೊಂಡ್ರಿ" ಅಂದರು. "ಉಳದಾಕಿ ಆಕಿ ರೀ. ನಂದೇನೈತಿ?" ಅಂದಳು ಸಾವಂತ್ರವ್ವ. ಜೀವಮಾನದಲ್ಲಿ ಮೊದಲ ಸಲ ಒಂದು ಹೊಗಳಿಕೆಯನ್ನು ಅವಳು ಬೇರೆಯವರಿಗೆ ದಾಟಿಸಿದ್ದಳು.

ದೀಪಾವಳಿ ಹತ್ತಿರ ಬಂತು. ರಾಮಲಿಂಗಪ್ಪ ಮತ್ತೆ ರುಮಾಲು ಸುತ್ತಿಕೊಂಡು ಬಂದ. ಈ ಸಲ ಕೈ ಮುಗಿಯಲಿಲ್ಲ.

"ದೈವದ ಮಾತು, ಓಣಿ ಪಂಚರೆಲ್ಲ ಕೂಡಿ ಆಡಿದ ಮಾತು ಹೇಳಾಕ ಬಂದೀನಿ, ಸಾವಂತ್ರವ್ವ. ಬಂದ ತಾಯಿನ ನೀ ಹೊರಗ ಹಾಕಿದಿ. ಆಕಿ ಹೋಗೂವಾಗ ಈ ಹುಡುಗಿ ಕಿವಿ ಕಸಗೊಂಡು ಹೋದ್ಳು. ಓಣಿಗೂ ಕೇಡು ತಪ್ಪಿದ್ದಲ್ಲ. ಪಾಡ್ಯದ ದಿನ ಸಗರ ಹೊರಡೂಕಿಂತ ಮೊದಲ ಕಾಶವ್ವನ್ನ ಮತ್ತ ಗದ್ದಿಗಿ ಮ್ಯಾಲ ಕುಂಡರಸು. ಎಲ್ಲಾರೂ ಕಾಲು ಬಿದ್ದು ತಪ್ಪಾತು ಅಂತೀವಿ. ಇಲ್ಲಾಂದ್ರ ನಿನ್ನ ಎಮ್ಮಿ ನಮ್ಮ ಸಗರದಾಗ ನಡಿಯಂಗಿಲ್ಲ."

ಸಿದ್ದಲಿಂಗಪ್ಪ ನೆಲ ನೋಡುತ್ತ, "ಯವ್ವಾ, ಒಂದು ತಾಸು ಕುಂಡರೂ ಮಾತಲ್ಲೇನು..." ಅಂದ.

ಗೌಳಿಗನಿಗೆ ಸಗರದಲ್ಲಿ ಜಾಗವಿಲ್ಲ ಅಂದರೆ ಓಣಿಯಲ್ಲೇ ಜಾಗವಿಲ್ಲ ಅಂದ ಹಾಗೆ. ಅದು ಸಾವಂತ್ರವ್ವನಿಗೆ ಗೊತ್ತಿಲ್ಲದ್ದೇ? ಗೋಡೆ ಹಿಡಿದು ನಿಂತಿದ್ದ ಕಾಶವ್ವ ಎಲ್ಲರ ಬಾಯಿಗಳನ್ನೂ ಒಂದೊಂದಾಗಿ ನೋಡುತ್ತಿದ್ದಳು. ತನ್ನ ಬಗ್ಗೆಯೇ ಮಾತು ನಡೆದಿದೆ ಅನ್ನುವಷ್ಟು ಅವಳಿಗೆ ತಿಳಿದಿತ್ತು. ಮತ್ತೆ ಆ ಹೊಗೆಯೊಳಗೆ, ಆ ಗುಂಪಿನ ನಡುವೆ ಈ ಹುಡುಗಿಯನ್ನು ಕೂರಿಸುವುದೇ? ಒಮ್ಮೆ ಕೂರಿಸಿದರೆ ಇನ್ನು ಕೆಳಗಿಳಿಸುವುದು ಎಂದು?

"ರಾಮಲಿಂಗಪ್ಪ, ನಿಮಗ ದೇವಿ ಬೇಕಾಗ್ಯಾಳ, ಗುಡಿಗೆ ಹೋಗ್ರಿ. ಇದು ನನ್ನ ಸೊಸಿ. ಈಕಿ ಗದ್ದಿಗಿ ಏರಂಗಿಲ್ಲ. ನನ್ನ ಎಮ್ಮಿ ನಿಮ್ಮ ಸಗರದಾಗ ಬರಂಗಿಲ್ಲ, ನನ್ನ ಸಗರ ನಾ ಮಾಡತೀನಿ" ಅಂದಳು ಸಾವಂತ್ರವ್ವ.

"ಹಲಗಿಯವರು ಯಾರೂ ಬರಂಗಿಲ್ಲ ನಿನ್ನ ಮುಂದ."

"ಬ್ಯಾಡ. ಮುಂದ ನಡಿಯಾಕಿಗೆ ಹೆಂಗೂ ಕೇಳೂದಿಲ್ಲ."

ಪಾಡ್ಯ ಬಂತು. ಓಣಿಯವರ ಸಗರ ಹಲಗಿಯ ಸದ್ದಿನಲ್ಲಿ ಮುಂದೆ ಹೋಗಿ, ಊರು ಸುತ್ತಿ ತಿರುಗಿ ಬಂತು. ಅದೆಲ್ಲ ಮುಗಿದ ಮೇಲೆ, ಬಿಸಿಲು ಇನ್ನೂ ಇರುವಾಗಲೇ, ಸಾವಂತ್ರವ್ವ ತನ್ನ ಕೊಟ್ಟಿಗೆಯ ಬಾಗಿಲು ತೆಗೆದಳು. ಎಮ್ಮೆಗಳ ಮೈ ಎಣ್ಣೆ ಹಚ್ಚಿ ಮಿರಿಮಿರಿ ಮಿಂಚುತ್ತಿತ್ತು, ಕೊಂಬಿಗೆ ಕೆಂಪು ಬಣ್ಣ. ಎಲ್ಲದರ ಮುಂದೆ ಚಂದ್ರಿ, ಚಂದ್ರಿಯ ಹೆಗಲ ಮೇಲೆ ಕೈಯಿಟ್ಟು ಕಾಶವ್ವ. ಇಳಕಲ್ ಸೀರೆ ಉಟ್ಟಿದ್ದಳು. ಹೆಜ್ಜೆ ತೂರಾಡುತ್ತಿತ್ತು. ತೂರಾಡಿದಾಗಲೆಲ್ಲ ಎಮ್ಮೆ ನಿಲ್ಲುತ್ತಿತ್ತು, ಅವಳು ಸರಿಯಾಗಿ ನಿಂತ ಮೇಲೆ ನಡೆಯುತ್ತಿತ್ತು. ಹಿಂದಿನ ಎಮ್ಮೆಗಳೂ ಹಾಗೆಯೇ. ಹಿಂದೆ ಸಿದ್ದಲಿಂಗಪ್ಪ ತಲೆ ತಗ್ಗಿಸಿಯೇ ಬಂದ. ಆದರೂ ಬಂದ, ಅದನ್ನು ಹೇಳಬೇಕು.

ಹಲಗಿ ಇಲ್ಲ, ಕಹಳೆ ಇಲ್ಲ. ಗೊರಸಿನ ಸಪ್ಪಳ ಮಾತ್ರ. ಜನ ಜಗಲಿಯ ಮೇಲೆ ನಿಂತು ನೋಡಿದರು, ಯಾರೂ ಕೆಳಗಿಳಿಯಲಿಲ್ಲ, ಯಾರೂ ಆರತಿ ತರಲಿಲ್ಲ. ಸಾವಂತ್ರವ್ವ ಸೊಸೆಯ ಪಕ್ಕದಲ್ಲಿ ಎದೆ ಎತ್ತಿ ನಡೆದಳು. ಇಷ್ಟು ವರ್ಷ ಮಾಡಿದ ಸಗರಗಳಲ್ಲಿ ಯಾವುದರಲ್ಲೂ ತನಗೆ ಇಷ್ಟು ಹೆಮ್ಮೆಯಾಗಿರಲಿಲ್ಲ ಅಂತ ಅವಳಿಗೆ ಅನ್ನಿಸಿತು. ಸತ್ತು ಹೋಗಬೇಕಾದವಳು ತನ್ನ ಕಾಲ ಮೇಲೆ ನಡೆಯುತ್ತಿದ್ದಾಳೆ, ನೋಡಿಕೊಳ್ಳಲಿ!

ರಾಮಲಿಂಗಪ್ಪನ ಮನೆಯ ಮುಂದೆ ಬಂದಾಗ ಅವನು ಮುಖ ತಿರುಗಿಸಿಕೊಂಡು ಕೂತಿದ್ದ. ಆಗ ಒಳಗಿನಿಂದ ಪಾರವ್ವ ಬಂದಳು. ಸೊಂಟದ ಮೇಲೆ ಇಂದೂ ಅನ್ನುವ ಪುಟ್ಟ ಮೊಮ್ಮಗಳು. ಹುಡುಗಿಯ ತಲೆ ಅಜ್ಜಿಯ ಹೆಗಲಿಗೆ ಜೋತುಬಿದ್ದಿತ್ತು, ಬಿಸಿಲಿಗೆ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದಳು. ಪಾರವ್ವ ಗಂಡನನ್ನು ನೋಡಲಿಲ್ಲ. ಜಗಲಿ ಇಳಿದು ಸೀದಾ ಕಾಶವ್ವನ ಮುಂದೆ ಬಂದು ನಿಂತಳು. ಮತ್ತೆ ಕೈ ಮುಗಿಯಲು ಬಂದಳು ಅಂದುಕೊಂಡು ಸಾವಂತ್ರವ್ವ ಅಡ್ಡ ಬರುವಷ್ಟರಲ್ಲಿ, ಅವಳು ಮೊಮ್ಮಗಳ ಮುಷ್ಟಿ ಬಿಡಿಸಿ ಅಂಗೈ ತೋರಿಸಿದಳು.

ಕಾಶವ್ವ ಬಾಗಿ ನೋಡಿದಳು. ತನ್ನ ಕೈ ಚಂದ್ರಿಯ ಮೇಲಿನಿಂದ ತೆಗೆದು, ಆ ಪುಟ್ಟ ಅಂಗೈಯನ್ನು ಹೆಬ್ಬೆರಳಿಂದ ಒತ್ತಿದಳು. ಕೆಂಪು ಮಾಯವಾಯಿತು. ಬಿಟ್ಟಳು, ಮತ್ತೆ ಬಂತು. ಹುಡುಗಿಯ ಮುಂಗೈ ನೋಡಿದಳು, ಪಾದ ಎತ್ತಿ ಅಂಗಾಲು ನೋಡಿದಳು. ಈ ಸಲ ಪಾರವ್ವ ಅರ್ಥ ಹೇಳಲು ಹೋಗಲಿಲ್ಲ, ಕಾಶವ್ವನ ಬಾಯಿಯನ್ನೇ ನೋಡಿದಳು.

ಕಾಶವ್ವ ನೆಟ್ಟಗೆ ನಿಂತಳು. ತನ್ನ ದನಿ ಎಷ್ಟು ದೊಡ್ಡದು ಅನ್ನುವುದು ಅವಳಿಗೆ ಗೊತ್ತಾಗುವಂತಿರಲಿಲ್ಲ.

"ದೇವಿ ಅಲ್ರೀ ಇದು! ನನಗ ಬಂದದ್ದ ಬಂದೈತಿ! ಕಿಟಕಿ ತಗೀರಿ, ನೀರು ಕುಡಸ್ರಿ! ಡಾಕ್ಟರ್‍ನ ಕರೀರಿ, ಓಡ್ರಿ!"

ಓಣಿಯ ಈ ತುದಿಯಿಂದ ಆ ತುದಿಗೆ ಕೇಳಿತು. ಎಮ್ಮೆಗಳೂ ತಲೆಯೆತ್ತಿದವು. ಯಾರೂ ಅರ್ಥ ಕೇಳಲಿಲ್ಲ. ಮೊದಲು ಎದ್ದವನು ರಾಮಲಿಂಗಪ್ಪ. ರುಮಾಲು ಜಗಲಿಯ ಮೇಲೆಯೇ ಬಿತ್ತು. ಬೋಳುತಲೆಯ ಆ ಹಿರಿಯ ಪೇಠೆಯ ದವಾಖಾನೆಯ ಕಡೆಗೆ ಎದ್ದೂಬಿದ್ದೂ ಓಡಿದ.

ಸಾವಂತ್ರವ್ವ ಸುಮ್ಮನಿರುವ ಜೀವವೇ? ಜಗಲಿಯ ಮೇಲೆ ನಿಂತವರೆಲ್ಲರ ಕಡೆಗೂ ಒಮ್ಮೆ ತಿರುಗಿದಳು.

"ಕೇಳಿದ್ರೆಲ್ಲಾರೂ? ನನ್ನ ಸೊಸಿ ಹೇಳಿದ ಮಾತು ಅದು. ನನ್ನ ಸೊಸಿ!"

ಆಮೇಲೆ ಪಾರವ್ವನ ಸೊಂಟದಿಂದ ಮಗುವನ್ನು ತಾನೇ ಎತ್ತಿಕೊಂಡಳು. "ಅಳಬ್ಯಾಡ, ಮೆತ್ತಗಿನ ಒಂದು ಅರಿವಿ ಹುಡುಕು, ಗಂಜಿ ಕಾಸು. ಹೆಂಗ ಕುಡಸೂದು ನಾ ತೋರಸ್ತೀನಿ" ಅನ್ನುತ್ತ ಅವರ ಮನೆಯೊಳಗೆ ಹೋದಳು. ಎಮ್ಮೆಗಳನ್ನು ಕಾಶವ್ವ ತಾನೇ ಕೊಟ್ಟಿಗೆಗೆ ಹೊಡೆದುಕೊಂಡು ಹೋದಳು.